ಇಪ್ಪತ್ತೊಂದನೆಯ ಪ್ರಶ್ನೆ

ಫಾರಮ್ಮಿನಲ್ಲಿ ಇರುವುದು ಇಪ್ಪತ್ತೇ.
ಮನೆಯಲ್ಲಿ ಬಂದೂಕು ಇದೆಯಾ? ಇದೆ, ಜಿಂಕೆ ಬೇಟೆಯದು.
ಕತ್ತು ಹಿಸುಕಿದ್ದನಾ? ಹೂಂ.
ಎಷ್ಟು ಸಲ? ಲೆಕ್ಕ ಇಡಲಿಲ್ಲ.
ಸಂತೆಯಲ್ಲಿ ಚಿಲ್ಲರೆ ಎಣಿಸಿ ಕೊಡುವವಳ ಹಾಗೆ
ಬ್ಲಿಯಾ ಸರಸರ ಉತ್ತರ ಕೊಡುತ್ತಾಳೆ.
ಹೀಟರಿನ ಮೇಲೆ ಅವಳ ಒದ್ದೆ ಕೈಗವಸು.
ಹೊರಗೆ ಸೇಂಟ್ ಪಾಲ್ ಊರಿನ ಜನವರಿ,
ಉಗುಳಿದರೆ ನೆಲ ಮುಟ್ಟುವ ಮೊದಲೇ ಕಲ್ಲು.

ನನ್ನ ಮೋಂಗ್ ಭಾಷೆ ಅಮ್ಮನ ಅಡುಗೆಮನೆಯಷ್ಟೇ ಅಗಲ:
ಉಪ್ಪು ತಾ, ಬಾಗಿಲು ಹಾಕು, ಅಳಬೇಡ.
ಇಷ್ಟರಲ್ಲೇ ಕೇಳಬೇಕು ನಾನು,
ನಿಮ್ಮ ಜೀವಕ್ಕೆ ಅಪಾಯ ಇದೆ ಅನ್ನಿಸುತ್ತದೆಯೇ?
ನನ್ನ ತೊದಲು ಬಾಯಲ್ಲಿ ಜೀವ ಹೋಗಿ
ಆತ್ಮ ಆಯಿತೋ ಏನೋ.
ಅವಳು ತಲೆ ಎತ್ತಿದಳು.

'ಹನ್ನೊಂದು ಜನ ಗಂಡಸರು ಕೂತರು,
ಎರಡೂ ಕುಲದ ಹಿರಿಯರು.
ಅವನಿಗೆ ಮುನ್ನೂರು ಡಾಲರ್ ದಂಡ,
ನನಗೆ, ಹೊಂದಿಕೊಂಡು ಹೋಗು.
ಉಂಡು ಮಲಗಿದರೆ ಮುಗಿಯುವ ಜಗಳ ಅಂದರು.
ಉಂಡವರು ಅವರು.
ಕೋಳಿ ಬೇಯಿಸಿದ್ದು ನಾನೇ.

ಅದಿರಲಿ. ಇದನ್ನು ಹೇಳು ತಂಗಿ.
ಸತ್ತಾಗ ದಾರಿ ಹೇಳುವವರು ಬಂದು ಹಾಡಬೇಕಲ್ಲ,
ಬಾಳಿದ ಮನೆಮನೆಗೂ ಹಿಂದಕ್ಕೆ ನಡೆಸಬೇಕಲ್ಲ,
ಕೇಸ್ ಅವೆನ್ಯೂ, ಅದಕ್ಕೂ ಮೊದಲು
ಫ್ರೆಸ್ನೊದಲ್ಲಿ ಮೆಟ್ಟಿಲಡಿಯ ಕೋಣೆ, ಅದಕ್ಕೂ ಮೊದಲು
ಬಾನ್ ವಿನಾಯ್ ಶಿಬಿರದ ಬಿದಿರ ತಟ್ಟಿ.
ಅಲ್ಲಿ ಅಮ್ಮನ ಮಂಚದಡಿ ಹೂತಿದೆ ನನ್ನ ಮಾಸು,
ಹುಟ್ಟುವಾಗ ತೊಟ್ಟು ಬಂದ ಮೊದಲ ಅಂಗಿ.
ಅದನ್ನು ತೊಟ್ಟರೇ ಹಿರಿಯರು ಗುರುತು ಹಿಡಿಯುವುದು.

ಬಿಟ್ಟು ಬಂದವಳಿಗೆ ಗಂಡನ ಮನೆದೇವರಿಲ್ಲ.
ಅಪ್ಪನ ಮನೆದೇವರು ಮದುವೆಯ ದಿನವೇ ಬಾಗಿಲು ಹಾಕಿತು.
ನನಗೆ ಹಾಡುವವರು ಯಾರು?
ಹಾಡಿದರೂ, ಆ ಅಡುಗೆಮನೆಗೆ
ಮತ್ತೆ ಹೋಗಬೇಕಾ ನಾನು, ಸತ್ತ ಮೇಲೂ?
ಇನ್ನು ಈ ಮನೆ. ವಿಳಾಸ ಯಾರಿಗೂ ಹೇಳಬಾರದು ಅಂದಿರಿ.
ಹೇಳದಿದ್ದರೆ ಹಾಡಿನಲ್ಲಿ ಬರುವುದು ಹೇಗೆ ಇದು?
ಇಲ್ಲೇ ಎಲ್ಲೋ ಕಳೆದುಹೋಗುತ್ತೇನೆ.'

ಏನಂತೆ? ಎಂದಳು ಮಾರ್ಲೀನ್, ನನ್ನ ಮೇಲಿನವಳು.
ಇಪ್ಪತ್ತಕ್ಕೆ ಹದಿನಾರು ಹೌದು, ಕೋಣೆ ಕೊಡು ಬೇಗ.
ಸಾವಿನ ಭಯವಲ್ಲ, ಸತ್ತ ಮೇಲಿನ ದಾರಿಯ ಭಯ ಅಂದೆ.
ನಗುತ್ತಾಳೆ ಅಂದುಕೊಂಡಿದ್ದೆ.
ಅವಳು ಕನ್ನಡಕ ತೆಗೆದು ಒರೆಸಿದಳು,
ಫೋನನ್ನು ನನ್ನ ಕಡೆ ತಳ್ಳಿದಳು.

ರಾತ್ರಿ ಎರಡು ಗಂಟೆ. ಅಜ್ಜ ಚೊಂಗ್ ನೆಂಗ್,
ಟರ್ಕಿ ಕೋಳಿಯ ಕಾರ್ಖಾನೆಯಿಂದ ನಿವೃತ್ತ, ಕೆಮ್ಮು ಬೇರೆ.
ಯಾರ ಹೆಣ ಈ ಹೊತ್ತಿನಲ್ಲಿ?
ಯಾರದೂ ಅಲ್ಲ ಅಜ್ಜ. ಇನ್ನೂ.
ಬಹಳ ಹೊತ್ತು ಅವನ ಉಸಿರಷ್ಟೇ ಕೇಳಿಸಿತು.
ಕೊಡು ಅವಳಿಗೆ, ಅಂದ.

ಆಮೇಲಿನ ಮಾತು ಹಳೆಯದು,
ನನ್ನ ಅಡುಗೆಮನೆಯಲ್ಲಿ ಇಲ್ಲದ್ದು.
ಕೈಗೆ ಸಿಕ್ಕಿದ್ದು ಇಷ್ಟು:
ಆ ಮನೆ ಬಂದಾಗ ಚಪ್ಪಲಿ ಬಿಚ್ಚಬೇಡ ಮಗಳೇ,
ಅಂಗಳದಲ್ಲೇ ನಿಂತು ಒಲೆಗೊಂದು ಮಾತು ಹೇಳು, ನಡೆ.
ಈಗಿರುವ ಮನೆಯನ್ನು
'ಹಿಂಬಾಗಿಲ ದೀಪ ಆರಿಸದ ಮನೆ' ಎಂದು ಹಾಡುತ್ತೇನೆ.
ಸತ್ತವರಿಗೆ ಅರ್ಥವಾಗುತ್ತದೆ,
ಗಂಡನಿಗೆ ಆಗುವುದಿಲ್ಲ.

ನೀವೇ ಮೊದಲು ಹೋದರೆ? ಎಂದು ಕೇಳಿಯೇ ಬಿಟ್ಟಳು.
ಅಜ್ಜನ ದನಿ ತಗ್ಗಿತು.
ಮೊಮ್ಮಗಳಿಗೆ ಕಲಿಸುತ್ತಿದ್ದೇನೆ. ಹೆಣ್ಣು ಹಾಡಬಾರದು ಅನ್ನುತ್ತಾರೆ.
ಯಾರಿಗೂ ಹೇಳಬೇಡ.

ಮಾರ್ಲೀನ್ ಫಾರಮ್ಮಿನ ಕೊನೆಗೆ
ಇಪ್ಪತ್ತೊಂದು ಎಂದು ಬರೆದು
ಮುಂದೆ ಏನು ಬರೆಯಲಿ ಎಂದು ನನ್ನನ್ನು ನೋಡಿದಳು.

ಬ್ಲಿಯಾ ಎದ್ದು ಹೋಗಿ
ಕೈಗವಸುಗಳನ್ನು ಮಗುಚಿ ಹಾಕಿದಳು,
ಇನ್ನೊಂದು ಮೈಯೂ ಒಣಗಲಿ ಎಂದು.